ಕವಳಿ ಮಟ್ಟಿ ಅಂಗಳಕ್ಕೆ ಬಂದು ಕಾಯಿ ಬಿಡುವವರೆಗೆ

ಈ ಏಪ್ರಿಲ್-ಮೇ ತಿಂಗಳಲ್ಲಿ ಅಂಗಳದಂಚಿನ ಮೂರು ಕವಳಿ ಮಟ್ಟಿಗಳಿಂದ (ಹುಳಿ ಹಣ್ಣು ಬಿಡುವ ಮುಳ್ಳಿನ ಪೊದೆ) ಐದೂವರೆ ಕೆಜಿ ಇಳಿಯಿತು, ಕಾಯಿ ಹಣ್ಣು ಎರಡೂ ಸೇರಿ. ಬೀಜ ಊರಿದ್ದು 2021ರ ಮೇ ಕೊನೆಯಲ್ಲಿ. ಭರ್ತಿ ನಾಲ್ಕು ವರ್ಷದ ಕೆಲಸ. ಅದರಲ್ಲಿ ಒಂದು ವರ್ಷದ ಫಸಲು ಕತ್ತರಿಗೆ ಹೋಯಿತು, ಒಂದು ಒಳ್ಳೆಯ ಗಿಡ ನೀರಿಗೆ ಹೋಯಿತು, ₹220 ತಪ್ಪು ಗಿಡಕ್ಕೆ ಹೋಯಿತು. ಶಿರಸಿ ಸೀಮೆಯ ಗುಡ್ಡಗಳಲ್ಲಿ ಯಾರ ಹಂಗೂ ಇಲ್ಲದೆ ಬೆಳೆಯುವ ಮಟ್ಟಿ ಇದು. ಅದನ್ನು ಮನೆ ಮುಂದೆ ಬೆಳೆಸಲು ಇಷ್ಟು ಒದ್ದಾಟ ಯಾಕೆ ಎಂದರೆ, ಗುಡ್ಡದಲ್ಲಿ ಅದಕ್ಕೆ ಸಿಗದ್ದನ್ನೆಲ್ಲ ನಾವು ಪ್ರೀತಿಯಿಂದ ಕೊಡಲು ಹೋಗುತ್ತೇವೆ. ಇದಕ್ಕೆ ಬೇಕಾದದ್ದು ಕಡಿಮೆ, ಬೇಡವಾದದ್ದರ ಪಟ್ಟಿ ಉದ್ದ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಮಲೆನಾಡಿನಲ್ಲಿ ಕವಳಿ, ಕೌಳಿ, ದಕ್ಷಿಣ ಕನ್ನಡದ ಕಡೆ ಕರಂಡೆ, ಕೊಂಕಣಿ, ಮರಾಠಿಯವರಿಗೆ ಕರವಂದ, ಹಿಂದಿಯಲ್ಲಿ ಕರೋಂದಾ. ಸಸ್ಯಶಾಸ್ತ್ರದ ಹೆಸರು ಕ್ಯಾರಿಸ್ಸಾ ಕರಂಡಾಸ್. ಈ ಎರಡನೆಯ ಪದ, 'ಕರಂಡಾಸ್', ನೆನಪಿಟ್ಟುಕೊಳ್ಳಿ, ನರ್ಸರಿಯಲ್ಲಿ ಬೇಕಾಗುತ್ತದೆ. ಒಣಗುಡ್ಡಗಳಲ್ಲಿ ಬಟಾಣಿ ಗಾತ್ರದ ಹಣ್ಣು ಬಿಡುವ ಇನ್ನೊಂದು ಸಣ್ಣ ಕವಳಿ ಇದೆ, ಅದು ಕ್ಯಾರಿಸ್ಸಾ ಸ್ಪೈನಾರಮ್. ತಿನ್ನಲು ಚೆಂದ, ಉಪ್ಪಿನಕಾಯಿಗೆ ಸಾಲದು. ಮೂರನೆಯದು ದಕ್ಷಿಣ ಆಫ್ರಿಕದ ನಟಾಲ್ ಪ್ಲಮ್, ಕ್ಯಾರಿಸ್ಸಾ ಮ್ಯಾಕ್ರೊಕಾರ್ಪಾ. ನಾವು ಮೋಸ ಹೋದದ್ದು ಇದರಲ್ಲಿ.

ನರ್ಸರಿಯಲ್ಲಿ 'ಕವಳಿ ಕಸಿ ಗಿಡ' ಎಂದು ಕೊಟ್ಟರು. ಎಲೆ ದಪ್ಪ, ದುಂಡಗೆ, ಎಣ್ಣೆ ಸವರಿದಂತೆ ಹೊಳಪು. ಆಗಲೇ ಅನುಮಾನ ಬರಬೇಕಿತ್ತು. ಮರುವರ್ಷ ಹೂವು ಬಿಟ್ಟಾಗ ಒಂದೊಂದು ಹೂವೂ ಅಂಗೈಯ ಅರ್ಧದಷ್ಟಿತ್ತು. ನಮ್ಮ ಕವಳಿಯ ಹೂವು ಸಣ್ಣದು, ಮಲ್ಲಿಗೆಯಷ್ಟು, ಟೊಂಗೆಯ ತುದಿಯಲ್ಲಿ ಗೊಂಚಲು ಗೊಂಚಲಾಗಿ ಬರುತ್ತದೆ. ಕಾಯಿ ಎರಡು ಸೆಂಟಿಮೀಟರ್ ಆಸುಪಾಸು; ನಟಾಲ್ ಪ್ಲಮ್ಮಿನದು ಅದರ ಎರಡರಷ್ಟು ಉದ್ದ, ಕೆಂಪು. ಅದರ ಹಣ್ಣೂ ತಿನ್ನಬಹುದು, ಆದರೆ ಬೇಕಾದದ್ದು ಅದಲ್ಲವಲ್ಲ. ಬದಲಿಸಿ ಕೊಡಿ ಎಂದು ಕೇಳಲು ಹೋದರೆ ಬಿಲ್ಲಿನಲ್ಲಿ ಬರೆದದ್ದು ಬರೀ 'ಹಣ್ಣಿನ ಗಿಡ - 1'. ಆದ್ದರಿಂದ ಬಿಲ್ಲಿನಲ್ಲಿ ಪೂರ್ತಿ ಹೆಸರು ಬರೆಸಿ, ತಳಿ ಎಂದು ಹೇಳಿದರೆ ತಳಿಯ ಹೆಸರನ್ನೂ ಬರೆಸಿ. ಚೀಲಕ್ಕೆ ಕಟ್ಟಿದ ಚೀಟಿಯನ್ನು ಗಿಡ ಹೂ ಬಿಡುವವರೆಗೂ ಬಿಸಾಡಬೇಡಿ. ಪಂತನಗರದ ಕೃಷಿ ವಿಶ್ವವಿದ್ಯಾಲಯದ ಪಂತ್ ಮನೋಹರ್, ಪಂತ್ ಸುದರ್ಶನ್, ಪಂತ್ ಸುವರ್ಣ, ದಾಪೋಲಿಯ ಕೊಂಕಣ ಕೃಷಿ ವಿದ್ಯಾಪೀಠದ ಕೊಂಕಣ್ ಬೋಲ್ಡ್ - ಇವು ಬಿಡುಗಡೆಯಾದ ತಳಿಗಳು. ಮಲೆನಾಡಿನ ಮಳೆಗೆ ಕೊಂಕಣದ್ದೇ ಹೆಚ್ಚು ಹತ್ತಿರದ ನೆಂಟ ಎನ್ನುವುದು ನಮ್ಮ ಅಂದಾಜು.

ಗುಡ್ಡದಿಂದಲೇ ಕಿತ್ತು ತರಬಾರದೇ ಎಂದು ಹಲವರು ಕೇಳುತ್ತಾರೆ. ಮೀಸಲು ಅರಣ್ಯದಿಂದ ಅನುಮತಿ ಇಲ್ಲದೆ ಗಿಡ ಕಿತ್ತು ತರುವುದು ಕಾನೂನಿಗೆ ವಿರುದ್ಧ, ಅದು ಒಂದು. ತಂದರೂ ಬದುಕುವುದಿಲ್ಲ, ಅದು ಇನ್ನೊಂದು. ಮೊಳಕಾಲೆತ್ತರದ ಮಟ್ಟಿಯ ಬೇರು ಜಂಬಿಟ್ಟಿಗೆ ಕಲ್ಲಿನ ಸಂದಿಯಲ್ಲಿ ನಮ್ಮ ಹಾರೆ ಮುಟ್ಟದಷ್ಟು ಆಳಕ್ಕೆ ಇಳಿದಿರುತ್ತದೆ. ಅರ್ಧ ಬೇರು ಕಡಿದು ತಂದ ಗಿಡ ಹದಿನೈದು ದಿನ ಹಸಿರು ತೋರಿಸಿ ಒಣಗುತ್ತದೆ. ಯಾರದಾದರೂ ಮಾಲ್ಕಿ ಜಾಗದಲ್ಲಿ ಒಳ್ಳೆಯ ಕಾಯಿ ಬಿಡುವ ಮಟ್ಟಿ ಇದ್ದರೆ ಅವರನ್ನು ಕೇಳಿ ಹಣ್ಣು ತನ್ನಿ, ಮಳೆಗಾಲದಲ್ಲಿ ಅದೇ ಮಟ್ಟಿಗೆ ಗೂಟಿ ಕಟ್ಟಿ (ಟೊಂಗೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು). ನಾವು ಎರಡನ್ನೂ ಮಾಡಿದೆವು.

ಬೀಜದ ವಿಷಯದಲ್ಲಿ ಒಂದೇ ಆತುರ: ಹಣ್ಣಿನಿಂದ ಹೊರಬಂದ ಬೀಜ ಬೇಗ ಸತ್ವ ಕಳೆದುಕೊಳ್ಳುತ್ತದೆ. ಡಬ್ಬಿಯಲ್ಲಿಟ್ಟು ಮುಂದಿನ ತಿಂಗಳು ಹಾಕೋಣ ಎಂದರೆ ಹುಟ್ಟುವುದು ಅನುಮಾನ. ಪೂರ್ತಿ ಕಪ್ಪಾಗಿ, ಮುಟ್ಟಿದರೆ ಕೈಗೆ ಬರುವ ಹಣ್ಣನ್ನು ಹಿಚುಕಿ, ಬೀಜವನ್ನು ಒಲೆಬೂದಿಯಲ್ಲಿ ತಿಕ್ಕಿ ಅಂಟು ಬಿಡಿಸಿ, ತೊಳೆದು, ನೆರಳಲ್ಲಿ ಒಂದು ದಿನ ಆರಿಸಿದೆವು. ಒಂದು ಹಣ್ಣಿನಲ್ಲಿ ನಾಲ್ಕಾರು ಚಪ್ಪಟೆ ಬೀಜ ಸಿಗುತ್ತವೆ. ಮರಳು, ಕೆಮ್ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಸಮಸಮ ಬೆರೆಸಿದ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ಆಳಕ್ಕೆ ಊರಿ, ಮಳೆಹನಿ ನೇರ ಬೀಳದಂತೆ ಸೂರಿನ ಕೆಳಗೆ ಇಟ್ಟೆವು. ಮೂವತ್ತು ಬೀಜ ಊರಿದ್ದು, ಹದಿನೆಂಟನೇ ದಿನ ಮೊದಲ ಮೊಳಕೆ, ಕೊನೆಯದು ನಲವತ್ತನೇ ದಿನದ ಹೊತ್ತಿಗೆ. ಒಟ್ಟು ಇಪ್ಪತ್ತೊಂದು. ಮೂರು ವಾರ ಏನೂ ಕಾಣದಿದ್ದರೆ ಮಣ್ಣು ಕೆದಕಿ ನೋಡುವ ಚಪಲ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು.

ಎರಡು ಜೊತೆ ಎಲೆ ಬಂದಮೇಲೆ ಐದು ಇಂಚು ಅಗಲ, ಎಂಟು ಇಂಚು ಎತ್ತರದ ಚೀಲಕ್ಕೆ ಬದಲಿಸಿದೆವು. ಆಮೇಲೆ ಶುರುವಾಗುವುದೇ ನಿಜವಾದ ಕಾಯುವಿಕೆ. ಒಂದು ವರ್ಷಕ್ಕೆ ಸಸಿ ಒಂದು ಅಡಿ ಬಂದರೆ ಪುಣ್ಯ. ಗೇಣುದ್ದದ ಗಿಡಕ್ಕೆ ಆಗಲೇ ಮುಳ್ಳು ಬಂದಿರುತ್ತದೆ, ಕಾಯಿ ಮಾತ್ರ ಮೂರು-ನಾಲ್ಕು ವರ್ಷದ ದೂರದಲ್ಲಿ. ಈ ಹಂತದಲ್ಲಿ ಬೆಳವಣಿಗೆ ಕಾಣದೆ ಯೂರಿಯಾ ನೀರು ಹಾಕುವವರಿದ್ದಾರೆ. ಹಾಕಿದರೆ ಎಳೆ ಚಿಗುರು ಉದ್ದ ಓಡಿ ತಲೆ ಬಾಗಿಸುತ್ತದೆ, ಬುಡ ಬಲಿಯುವುದಿಲ್ಲ.

ಗೂಟಿ ಬೇಗನೆ ಫಲ ಕೊಡುತ್ತದೆ, ತಾಯಿಮಟ್ಟಿಯ ಗುಣ ಹಾಗೇ ಬರುತ್ತದೆ. ಬರಿಯ ಟೊಂಗೆ ತುಂಡು ನೆಟ್ಟು ಬೇರು ಬರಿಸುವುದು ಇದರಲ್ಲಿ ಕಷ್ಟ. ನಾವು ಹನ್ನೆರಡು ತುಂಡು ನೆಟ್ಟು ಒಂದೂ ಹತ್ತಲಿಲ್ಲ, ಕತ್ತರಿಸಿದ ಬಾಯಿಗೆ ಸೊನೆ ಹೆಪ್ಪುಗಟ್ಟಿ ಬುಡ ಕಪ್ಪಾಯಿತು. ಗೂಟಿಗೂ ಸೊನೆಯೇ ದೊಡ್ಡ ಅಡ್ಡಿ. ಜುಲೈ ಮೊದಲ ವಾರ, ಪೆನ್ಸಿಲ್ ದಪ್ಪದ, ಹಿಂದಿನ ವರ್ಷದ ಟೊಂಗೆ ಆರಿಸಿಕೊಳ್ಳಿ. ತುದಿಯಿಂದ ಒಂದೂವರೆ ಅಡಿ ಕೆಳಗೆ ಒಂದು ಇಂಚು ಅಗಲಕ್ಕೆ ಉಂಗುರದಂತೆ ಸಿಪ್ಪೆ ತೆಗೆಯಬೇಕು. ತಕ್ಷಣ ಹಾಲು ಸುರಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಚಾಕುವಿನ ಬೆನ್ನಿನಿಂದ ಒಳಗಿನ ಜಾರುವ ಪೊರೆಯನ್ನು ಕೆರೆದು, ಸೊನೆ ನಿಲ್ಲುವವರೆಗೆ ಕಾಯಬೇಕು. ನಾವು ಬೆಳಿಗ್ಗೆ ಸಿಪ್ಪೆ ತೆಗೆದು ಸಂಜೆ ಕಟ್ಟಿದ ಎರಡು ಹತ್ತಿದವು. ತೆಗೆದ ಕೂಡಲೇ ಕಟ್ಟಿದ ಎರಡು ಕೊಳೆತವು. ನಾಲ್ಕರ ಲೆಕ್ಕ ಹಿಡಿದು ಸಿದ್ಧಾಂತ ಹೇಳಬಾರದು, ಆದರೂ ಕಾಯುವುದರಿಂದ ನಷ್ಟವೇನಿಲ್ಲ. ಗಾಯದ ಮೇಲಂಚಿಗೆ ಬೇರು ಬರಿಸುವ ಐಬಿಎ ಪುಡಿ ಸವರಿ, ಹಿಂಡಿ ನೀರು ತೆಗೆದ ಒಂದು ಮುಷ್ಟಿ ತೆಂಗಿನ ನಾರಿನ ಪುಡಿ ಸುತ್ತಿ, ಪಾರದರ್ಶಕ ಪ್ಲಾಸ್ಟಿಕ್ಕಿನಿಂದ ಎರಡೂ ತುದಿ ಬಿಗಿಯಾಗಿ ಕಟ್ಟಬೇಕು. ಮೇಲಿನ ಕಟ್ಟು ಸಡಿಲವಾದರೆ ಟೊಂಗೆಗುಂಟ ಇಳಿಯುವ ಮಳೆನೀರು ಒಳಗೆ ನಿಂತು ಎಲ್ಲ ಹಾಳು. ಪ್ಲಾಸ್ಟಿಕ್ಕಿನ ಒಳಗೆ ಬಿಳಿ ಬೇರು ಕಾಣಲು ಎಪ್ಪತ್ತೈದು ದಿನ ಬೇಕಾಯಿತು. ಬೇರು ಕಂಡಕೂಡಲೇ ಕತ್ತರಿಸಬೇಡಿ. ಬಿಳಿ ಬೇರು ತುಸು ಕಂದುಬಣ್ಣಕ್ಕೆ ತಿರುಗಲಿ, ಮೊದಲು ಕೆಳಗಡೆ ಅರ್ಧ ಕಚ್ಚು ಹಾಕಿ, ವಾರದ ಮೇಲೆ ಪೂರ್ತಿ ಕತ್ತರಿಸಿ. ಚೀಲಕ್ಕೆ ಹಾಕಿ ತಿಂಗಳೊಪ್ಪತ್ತು ನೆರಳಲ್ಲಿ ಇಟ್ಟರೆ ಗಿಡ ಚೇತರಿಸಿಕೊಳ್ಳುತ್ತದೆ.

ನೆಡುವ ಜಾಗ. ದಿನಕ್ಕೆ ಆರು ತಾಸು ನೇರ ಬಿಸಿಲು ಬೇಕು, ಅದರಲ್ಲಿ ರಾಜಿಯಿಲ್ಲ. ತೆಂಗಿನ ಬುಡದಲ್ಲೋ ಮಾವಿನ ನೆರಳಲ್ಲೋ ನೆಟ್ಟರೆ ಟೊಂಗೆ ಬೆಳಕು ಹುಡುಕುತ್ತ ಉದ್ದ ಓಡಿ ಬಳ್ಳಿಯಂತೆ ಒರಗುತ್ತದೆ, ಹೂ ಬಿಡುವುದಿಲ್ಲ. ಬಿಸಿಲಲ್ಲಿ ಇಟ್ಟು ಕತ್ತರಿಯಲ್ಲಿ ಹಿಡಿದಿಟ್ಟರೆ ಐದಡಿ ಎತ್ತರ, ಐದಡಿ ಅಗಲದ ಗುಂಡು ಮಟ್ಟಿ. ನಡೆದಾಡುವ ದಾರಿಯಿಂದ ಕಡಿಮೆಯೆಂದರೂ ನಾಲ್ಕೈದು ಅಡಿ, ಬಟ್ಟೆ ಒಣಹಾಕುವ ತಂತಿಯಿಂದ ಇನ್ನೂ ದೂರ ಇರಲಿ. ಹಣ್ಣಿನ ರಸದ ಕಲೆ ಹೋಗುವುದಿಲ್ಲ. ಗಿಡದಿಂದ ಗಿಡಕ್ಕೆ ಎಂಟಡಿ ಬಿಟ್ಟೆವು. ಬೇಲಿಯೇ ಬೇಕೆನ್ನುವವರು ಮೂರು-ನಾಲ್ಕು ಅಡಿಗೆ ಒಂದರಂತೆ ನೆಡಬಹುದು. ನಾಯಿಯಿರಲಿ, ಆಳೂ ದಾಟಲಾರದ ಬೇಲಿಯಾಗುತ್ತದೆ. ಕಾಯಿ ಮಾತ್ರ ಹೊರಮುಖದಲ್ಲಷ್ಟೇ.

2022ರ ಜೂನ್ ಎರಡನೇ ವಾರ ಎರಡು ಗೂಟಿ ಗಿಡ, ಒಂದು ಸಸಿ ನೆಟ್ಟೆವು. ಒಂದೂವರೆ ಅಡಿ ಉದ್ದ, ಅಗಲ, ಆಳದ ಮೂರು ಗುಂಡಿ. ನೆಲ ಗಟ್ಟಿ ಜಂಬಿಟ್ಟಿಗೆ, ಪಿಕಾಸಿ ಬಿದ್ದರೆ ಕಿಡಿ. ಒಬ್ಬರ ಒಂದು ದಿನದ ಪೂರ್ತಿ ಕೂಲಿ, ₹700, ಈ ಮೂರು ಗುಂಡಿಗೇ ಹೋಯಿತು. ಅಗೆಯುವವರು ನಗುತ್ತಲೇ ಕೇಳಿದ್ದರು: "ಕವಳಿ ಮಟ್ಟಿಗೂ ಗುಂಡಿ ತೆಗೆಸ್ತಾರೇನ್ರೀ?" ಅವರ ಮಾತು ಅಲ್ಲೇ ಕೇಳಬೇಕಿತ್ತು. ಗುಂಡಿಗೆ ಮೇಲ್ಮಣ್ಣು, ಹತ್ತು ಕೆಜಿ ಗೊಬ್ಬರ, ಮರಳು ತುಂಬಿ, ಸುತ್ತ ನೀರು ನಿಲ್ಲುವಂತೆ ಚಂದದ ಪಾತಿಯನ್ನೂ ಕಟ್ಟಿದೆವು. ಜುಲೈ ಮಳೆ ಹಿಡಿಯಿತು. ಸುತ್ತಲಿನ ಕಲ್ಲು ನೀರು ಹೀರುವುದಿಲ್ಲ, ಒಳಗಿನ ಹುಡಿ ಮಣ್ಣು ಹೀರುತ್ತದೆ. ಅಲ್ಲಿಗೆ ಗುಂಡಿಯೆಂದರೆ ಕಲ್ಲಿನ ಬೋಗುಣಿ, ಅದರಲ್ಲಿ ಗಿಡ ನೆನೆಹಾಕಿದ್ದು. ತಗ್ಗಿನ ಕಡೆಯ ಗೂಟಿ ಗಿಡದ ಕೆಳಗಿನ ಎಲೆ ಹಳದಿಯಾದವು, ಆಮೇಲೆ ತುದಿ ಜೋತುಬಿತ್ತು. ಜೋತದ್ದು ನೋಡಿ ನೀರು ಸಾಲದೇನೋ ಎಂಬ ಯೋಚನೆ ಬರುತ್ತದೆ, ಅದೇ ಮೋಸ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ಆಗಸ್ಟ್‌ನಲ್ಲಿ ಕಿತ್ತಾಗ ಬೇರಿನ ಸಿಪ್ಪೆ ಬೆರಳಲ್ಲಿ ಜಾರಿ ಬಂತು, ಹುಳಿ ನಾತ.

ಉಳಿದೆರಡಕ್ಕೆ ಅವತ್ತೇ ಪಾತಿ ಒಡೆದು ನೀರು ಹೊರಹೋಗಲು ಗೇಣಗಲದ ಕಾಲುವೆ ಬಿಡಿಸಿದೆವು. ಸತ್ತ ಗಿಡದ ಜಾಗಕ್ಕೆ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಸಿ ನೆಟ್ಟದ್ದು ಗುಂಡಿಯಲ್ಲಲ್ಲ, ದಿಬ್ಬದ ಮೇಲೆ. ಮೂರೂವರೆ ಅಡಿ ಅಗಲ, ಒಂದಡಿ ಎತ್ತರದ ಮಣ್ಣಿನ ಗುಪ್ಪೆ; ಕೆಳಗಿನ ನೆಲವನ್ನು ಪಿಕಾಸಿಯಿಂದ ಬರೀ ಕೆದಕಿ ಸಡಿಲ ಮಾಡಿದ್ದು ಅಷ್ಟೇ. ಇವತ್ತು ಮೂರರಲ್ಲಿ ಬುಡ ಗಟ್ಟಿಯಾಗಿರುವುದು ಅದೇ. ನೀವು ನೆಡುವ ಮುಂಚೆ ಒಂದು ಪರೀಕ್ಷೆ ಮಾಡಿ: ಅಡಿ ಆಳದ ಗುಂಡಿಗೆ ಒಂದು ಕೊಡ ನೀರು ಸುರಿಯಿರಿ. ಎರಡು ತಾಸಿನಲ್ಲಿ ಇಂಗದಿದ್ದರೆ ಗುಂಡಿಯ ಆಸೆ ಬಿಟ್ಟು ದಿಬ್ಬ ಮಾಡಿ. ಬಯಲುಸೀಮೆಯ ಕೆಂಪು ಮಣ್ಣಿಗೆ ಈ ತಲೆಬಿಸಿ ಇಲ್ಲ, ಕಪ್ಪು ಎರೆ ನೆಲಕ್ಕೆ ಇದೆ. ತಾರಸಿಯಲ್ಲಿ ಬೆಳೆಸುವವರಿಗೆ ನಲವತ್ತು-ಐವತ್ತು ಲೀಟರ್ ಹಿಡಿಸುವ ಡ್ರಮ್ಮು, ತಳದಲ್ಲಿ ಹೆಬ್ಬೆರಳು ಹೋಗುವಷ್ಟು ದೊಡ್ಡ ಐದಾರು ತೂತು, ಮೂರರಲ್ಲಿ ಒಂದು ಪಾಲು ಮರಳು ಇದ್ದರೆ ಸಾಕು.

ನೀರು ಮೊದಲ ಬೇಸಿಗೆ ಮಾತ್ರ ಲೆಕ್ಕದಲ್ಲಿ: ಐದಾರು ದಿನಕ್ಕೊಂದು ಬಕೆಟ್, ಬುಡದ ಸುತ್ತ ನಾಲ್ಕು ಇಂಚು ದಪ್ಪ ದರಕು (ಒಣಗಿದ ಎಲೆ), ಕಾಂಡಕ್ಕೆ ತಾಗದಂತೆ. ಎರಡನೇ ಬೇಸಿಗೆ ಹದಿನೈದು ದಿನಕ್ಕೊಮ್ಮೆ. ಮೂರನೇ ವರ್ಷದಿಂದ ಹೂ ಬರುವವರೆಗೆ ನೀರೇ ಕೊಡಲಿಲ್ಲ. ಗೊಬ್ಬರ ವರ್ಷಕ್ಕೊಮ್ಮೆ ಮಳೆ ಇಳಿದಮೇಲೆ, ಚಿಕ್ಕ ಗಿಡಕ್ಕೆ ಐದು ಕೆಜಿ, ಈಗ ಹತ್ತು.

ಮುಳ್ಳಿನ ಬಗ್ಗೆ ಒಂದು ಮಾತು. ಜೋಡಿ ಜೋಡಿಯಾಗಿ ಬರುವ ಈ ಮುಳ್ಳು ಎರಡರಿಂದ ನಾಲ್ಕು ಸೆಂಟಿಮೀಟರ್, ಬಲಿತದ್ದು ಹವಾಯಿ ಚಪ್ಪಲಿಯನ್ನು ದಾಟುತ್ತದೆ. ತುದಿ ಮುರಿದು ಒಳಗೆ ಉಳಿದರೆ ಕೀವಾಗುತ್ತದೆ. ಕತ್ತರಿಸಿದ ಟೊಂಗೆಗಳನ್ನು ಅಂಗಳದಲ್ಲಿ ಬಿಡದೆ ಆಗಲೇ ಗುಡ್ಡೆ ಹಾಕಿ. ಮೊಣಕೈವರೆಗಿನ ಚರ್ಮದ ಕೈಗವಸಿಗೆ ₹350, ಒಳ್ಳೆಯ ಕತ್ತರಿಗೆ ₹480 ಆಯಿತು. ಬಟ್ಟೆಯ ಕೈಗವಸು ಇಲ್ಲಿ ಪ್ರಯೋಜನಕ್ಕಿಲ್ಲ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡಿರಿ ಎಂದು ನೆನಪಿಲ್ಲದಿದ್ದರೆ ಹಾಕಿಸಿಕೊಂಡೇ ಮಟ್ಟಿಯೊಳಗೆ ಕೈ ಹಾಕಿ.

ಕವಳಿ ಕಣಗಿಲೆ, ನಂದಿಬಟ್ಟಲಿನ ಕುಟುಂಬಕ್ಕೆ ಸೇರಿದ್ದು. ಆದ್ದರಿಂದ ಆ ಗಿಡಗಳ ಶತ್ರುಗಳೆಲ್ಲ ಇಲ್ಲಿಗೂ ನೆಂಟರು. ಎರಡನೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಸಸಿಯ ಮೇಲಿನ ಅರ್ಧ ಎಲೆಯೇ ಇಲ್ಲ, ಕಡ್ಡಿ ಮಾತ್ರ. ಹುಳ ಕಾಣುವುದಿಲ್ಲ. ಬುಡದ ದರಕಿನ ಮೇಲೆ ಮೆಣಸಿನಕಾಳಿಗಿಂತ ದೊಡ್ಡ, ಗೀರು ಗೀರಾದ ಕರಿ ಹಿಕ್ಕೆ ಬಿದ್ದಿತ್ತು. ಹಿಕ್ಕೆ ಬಿದ್ದ ಜಾಗದ ನೇರ ಮೇಲೆ ಕಣ್ಣಾಡಿಸಿದರೆ ಸಿಗುತ್ತದೆ: ನಡುಬೆರಳಿನಷ್ಟು ಉದ್ದದ ಹಸಿರು ಹುಳ, ಎಲೆಯದ್ದೇ ಬಣ್ಣ, ಬಾಲದಲ್ಲಿ ಕೊಂಬು, ಪಕ್ಕದಲ್ಲಿ ಬಿಳಿ ಚುಕ್ಕೆಗಳ ಗೆರೆ. ಮುಟ್ಟಿದರೆ ತಲೆ ಒಳಗೆಳೆದುಕೊಂಡು ಕುತ್ತಿಗೆ ಉಬ್ಬಿಸುತ್ತದೆ, ಆಗ ಎರಡು ನೀಲಿ ಕಣ್ಣು ತೆರೆದು ನೋಡಿದಂತೆ. ಕಣ್ಣಲ್ಲ, ಹೆದರಿಸಲು ಇಟ್ಟುಕೊಂಡ ಚುಕ್ಕೆ. ಕಣಗಿಲೆಯ ಗಿಡುಗ ಪತಂಗದ ಮರಿ ಇದು. ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಕೈಯಲ್ಲೇ ತೆಗೆಯಬಹುದು. ನಾವು ಅವನ್ನು ಹಿತ್ತಿಲ ನಂದಿಬಟ್ಟಲಿಗೆ ಸಾಗಿಸಿದೆವು. ದೊಡ್ಡ ಮಟ್ಟಿಯಾದಮೇಲೆ ನಾಲ್ಕು ಹುಳ ತಿಂದರೂ ಲೆಕ್ಕಕ್ಕಿಲ್ಲ; ಒಂದಡಿಯ ಸಸಿಯಲ್ಲಿ ಮಾತ್ರ ದಿನಾ ನೋಡಬೇಕು.

ಟೊಂಗೆಗೆ ಅಂಟಿದ ಶಲ್ಕ ಕೀಟ, ಹಿಟ್ಟು ತಿಗಣೆಗೆ ಲೀಟರ್ ನೀರಿಗೆ ಐದು ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು, ವಾರ ಬಿಟ್ಟು ಎರಡು ಸಲ. ಇರುವೆ ಹತ್ತಿ ಇಳಿಯುತ್ತಿದ್ದರೆ ಮೇಲೆ ತಿಗಣೆ ಇದೆಯೆಂದೇ ಲೆಕ್ಕ. ಮಳೆಗಾಲದ ಎಲೆಚುಕ್ಕೆ, ತುದಿ ಒಣಗುವ ರೋಗಕ್ಕೆ ಅಡಿಕೆಗೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣವೇ ಸಾಕು. ಹತ್ತು ಲೀಟರ್ ನೀರಿಗೆ ಮೈಲುತುತ್ತು 100 ಗ್ರಾಂ, ಸುಟ್ಟ ಸುಣ್ಣ 100 ಗ್ರಾಂ, ಬೇರೆಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ದು ಬೆರೆಸುವುದು. ಆದರೆ ಅಡಿಕೆಯವರ ಅಭ್ಯಾಸದಂತೆ ಮೇ ಕೊನೆಗೆ ಹೊಡೆಯುವಂತಿಲ್ಲ, ಆಗ ಮಟ್ಟಿಯ ಮೇಲೆ ತಿನ್ನುವ ಹಣ್ಣಿರುತ್ತದೆ. ಕೊನೆಯ ಹಣ್ಣು ಕೊಯ್ದು, ಜೂನಿನಲ್ಲಿ ಮಳೆ ಹೊಳವಾದ ದಿನ ಹೊಡೆಯಿರಿ.

ಈಗ ಕತ್ತರಿಯ ಕಥೆ. ಗೂಟಿ ಗಿಡ 2023ರ ಫೆಬ್ರವರಿಯಲ್ಲೇ ನಾಲ್ಕು ಗೊಂಚಲು ಹೂ ತೋರಿಸಿತ್ತು, ಕಾಯಿ ಕಚ್ಚದೆ ಉದುರಿತು. ಎಳೆಗಿಡಕ್ಕೆ ಅದು ಸಹಜ. ಆ ವರ್ಷದ ಮಳೆಗೆ ಮಟ್ಟಿ ಅಡ್ಡಾದಿಡ್ಡಿ ಬೆಳೆದು ದಾರಿಗೆ ಚಾಚಿತು. ಡಿಸೆಂಬರ್‌ನಲ್ಲಿ, ಅಂಗಳ ಕೆತ್ತಿಸಿ ಸಾರಿಸುವ ಹೊತ್ತಿಗೆ, ಮಟ್ಟಿಯನ್ನೂ ಸುತ್ತ ಗುಂಡಗೆ ಕತ್ತರಿಸಿದೆವು. ನೋಡಲು ಬಹಳ ಚೆಂದವಿತ್ತು. ಫೆಬ್ರವರಿ ಬಂತು, ಮಾರ್ಚ್ ಬಂತು, ಗುಡ್ಡದ ಮಟ್ಟಿಗಳೆಲ್ಲ ಬೆಳ್ಳಗಾದವು, ಅಂಗಳದ್ದು ಹಸಿರಾಗಿಯೇ ನಿಂತಿತು. ಕತ್ತರಿ ಮುಟ್ಟದ ಒಳಗಿನ ಒಂದೆರಡು ಟೊಂಗೆಯಲ್ಲಿ ಮಾತ್ರ ಹೂ. ಗೊಬ್ಬರ ಕಡಿಮೆಯಾಯಿತೇ, ಗಿಡ ಬಂಜೆಯೇ ಎಂದು ಏನೇನೋ ತಲೆ ಕೆಡಿಸಿಕೊಂಡೆವು. ಹೂಗೊಂಚಲು ಬರುವುದು ಬಲಿತ ಟೊಂಗೆಯ ತುದಿಯಲ್ಲಿ. ಡಿಸೆಂಬರ್‌ನಲ್ಲಿ ಸುತ್ತ ತುದಿ ಕತ್ತರಿಸುವುದೆಂದರೆ ಮುಂದಿನ ಹೂವನ್ನೇ ಕತ್ತರಿಸಿದಂತೆ. ಆಮೇಲೆ ಬಂದ ಚಿಗುರು ಬಲಿಯುವಷ್ಟರಲ್ಲಿ ಹೂವಿನ ಕಾಲ ಮುಗಿದಿರುತ್ತದೆ.

ಕತ್ತರಿಸಲು ಸರಿಯಾದ ಸಮಯ ಎರಡು. ಹಣ್ಣು ಮುಗಿದಕೂಡಲೇ ಒಣಗಿದ್ದು, ನೆಲ ಮುಟ್ಟಿದ್ದು, ಒಂದಕ್ಕೊಂದು ಉಜ್ಜುವುದು ಇಷ್ಟನ್ನು ತೆಗೆಯುವುದು. ಆಕಾರಕ್ಕೆಂದು ಹೆಚ್ಚು ಕತ್ತರಿಸುವುದಿದ್ದರೆ ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ಇಳಿಮುಖವಾದಾಗ. ಧೋ ಎನ್ನುವ ಮಳೆಯಲ್ಲಿ ದಪ್ಪ ಟೊಂಗೆ ಕಡಿದರೆ ಕಡಿದ ಬಾಯಿಯಿಂದಲೇ ಒಣಗುರೋಗ ಇಳಿಯುತ್ತದೆ. ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು ಸವರಿ. ಅಕ್ಟೋಬರ್ ಹತ್ತರ ನಂತರ ಕತ್ತರಿಯನ್ನು ಅಟ್ಟದ ಮೇಲಿಡುವುದು ಈಗ ನಮ್ಮಲ್ಲಿ ನಿಯಮ. ಬುಡದಿಂದ ಅಡಿ ಎತ್ತರದವರೆಗಿನ ಕವಲುಗಳನ್ನು ಪೂರ್ತಿ ತೆಗೆದು ನಾಲ್ಕೈದು ಕಾಂಡ ಮಾತ್ರ ಉಳಿಸಿದ್ದರಿಂದ ಬುಡ ಗುಡಿಸಲೂ ಬಿದ್ದ ಹಣ್ಣು ಹೆಕ್ಕಲೂ ಅನುಕೂಲವಾಯಿತು.

ಈ ವರ್ಷ ಫೆಬ್ರವರಿ ಎರಡನೇ ವಾರ ಮೊಗ್ಗು, ತಿಂಗಳ ಕೊನೆಗೆ ಹೂವು. ಸಂಜೆ ಅಂಗಳಕ್ಕೆ ಕಾಲಿಟ್ಟರೆ ಮಲ್ಲಿಗೆ ಚಪ್ಪರದ ಪರಿಮಳ. ಕಾಯಿ ಕಚ್ಚಿದಮೇಲೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯವರೆಗೆ ಮೂರು ಸಲ, ಗಿಡಕ್ಕೆ ಎರಡೆರಡು ಬಕೆಟ್ ನೀರು ಕೊಟ್ಟೆವು. ದಿಬ್ಬದ ಗಿಡಕ್ಕೆ ಒಮ್ಮೆ ತಪ್ಪಿತು, ಆ ವಾರ ಬುಡದಲ್ಲಿ ಬಟಾಣಿಯಷ್ಟರ ಕಾಯಿ ಚೆಲ್ಲಿತ್ತು. ಗೂಟಿ ಗಿಡ ಮೂರೂಕಾಲು ಕೆಜಿ ಕೊಟ್ಟಿತು, ಎರಡು ಸಸಿಗಳು ಸೇರಿ ಉಳಿದದ್ದು.

ಉಪ್ಪಿನಕಾಯಿಗೆ ಏಪ್ರಿಲ್ ಕೊನೆಯ ಕಾಯಿ. ಗಾತ್ರ ಪೂರ್ತಿ ಬಂದಿರಬೇಕು, ಒಳಗೆ ಬೀಜ ಗಟ್ಟಿಯಾಗಿರಬಾರದು. ಒಂದನ್ನು ಅಡ್ಡ ಕತ್ತರಿಸಿ ನೋಡಿ: ಚಾಕು ಬೀಜಕ್ಕೆ ತಡೆಯದೆ ಸಾಗಿದರೆ ಅದೇ ಹದ. ಹಣ್ಣಿಗಾದರೆ ಮೇ ಎರಡನೇ ವಾರದಿಂದ, ನಸುಗೆಂಪು ಹೋಗಿ ಕಡುನೇರಳೆಗೆ ತಿರುಗಿದ್ದು, ಎರಡು ದಿನಕ್ಕೊಮ್ಮೆ. ಒಂದೇ ಗೊಂಚಲಿನಲ್ಲಿ ಕಾಯಿ, ದೋರೆ, ಹಣ್ಣು ಮೂರೂ ಇರುವುದರಿಂದ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಪಿಕಳಾರಗಳು ನಮಗಿಂತ ಅರ್ಧ ತಾಸು ಮುಂಚೆ ಏಳುತ್ತವೆ. ಮೇಲಿನ ತುದಿಯದ್ದು ಅವಕ್ಕೆ ಎಂದುಕೊಂಡರೆ ಜಗಳವಿಲ್ಲ. ಕೊಯ್ಯುವ ಮುಂಚೆ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ತೊಟ್ಟಿನ ಹಾಲು ಬೆರಳಿಗೆ ಅಂಟಿ ಕಪ್ಪು ಕಟ್ಟುತ್ತದೆ, ಸೋಪಿಗೆ ಜಗ್ಗುವುದಿಲ್ಲ. ಮಕ್ಕಳಿಗೆ ಒಂದು ಮಾತು ತಪ್ಪದೆ ಹೇಳಿ: ಹಾಲು ಬರುವ ಗಿಡದ ಕಾಯಿಯೆಲ್ಲ ಕವಳಿಯಲ್ಲ. ಇದೇ ಕುಟುಂಬದ ಕಣಗಿಲೆ ಪೂರ್ತಿ ವಿಷ.

ಕೊಯ್ದ ಕಾಯಿಯನ್ನು ತೊಟ್ಟು ಬಿಡಿಸಿ ಅರ್ಧ ತಾಸು ನೀರಿನಲ್ಲಿ ಬಿಟ್ಟರೆ ಸೊನೆ ಮೇಲೆ ಬಿಳಿ ಕೆನೆಯಂತೆ ತೇಲುತ್ತದೆ, ಆ ನೀರು ಎರಡು ಸಲ ಚೆಲ್ಲಬೇಕು. ಆಮೇಲೆ ಬಟ್ಟೆಯ ಮೇಲೆ ಹರವಿ ಪಸೆ ಆರುವವರೆಗೆ ಬಿಡಿ. ಒಂದು ಕೆಜಿ ಕಾಯಿಗೆ ಕಾಲು ಕೆಜಿ ಕಲ್ಲುಪ್ಪು, ಭರಣಿಯಲ್ಲಿ ಒಂದು ಪದರ ಕಾಯಿ, ಒಂದು ಪದರ ಉಪ್ಪು. ನಾಲ್ಕು ದಿನ ದಿನಾ ಕುಲುಕಿದರೆ ಕಾಯಿ ತನ್ನದೇ ನೀರು ಬಿಟ್ಟುಕೊಂಡು ಸುಕ್ಕುಗಟ್ಟುತ್ತದೆ, ಖಾರ ಅರೆದು ಹಾಕುವುದು ಆಮೇಲೆ. ಹಣ್ಣಿನ ಜಾಮಿಗೆ ಪೆಕ್ಟಿನ್ (ಜಾಮನ್ನು ಗಟ್ಟಿಯಾಗಿಸುವ ಅಂಶ) ಹೊರಗಿನಿಂದ ಬೇಡ, ಇದರಲ್ಲೇ ಧಾರಾಳ. ಕೆಜಿಗೆ ಒಂದು ಲೋಟ ನೀರು ಹಾಕಿ ಸಿಪ್ಪೆ ಒಡೆಯುವವರೆಗೆ ಬೇಯಿಸಿ, ಮೇಲೆ ಬಂದ ಬಿಳಿ ನೊರೆ ತೆಗೆದು, ಜರಡಿಯಲ್ಲಿ ತಿಕ್ಕಿ ಬೀಜ ಬೇರೆ ಮಾಡಿ, ತಿರುಳಿನ ತೂಕದಷ್ಟೇ ಸಕ್ಕರೆ. ಹುಳಿ ತೀಕ್ಷ್ಣವಾದ್ದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲೇ ಇರಲಿ. ಬೇಕರಿಯ ಕೇಕಿನ ಮೇಲೆ ಕೂರುವ ಕೆಂಪು 'ಚೆರ್ರಿ' ಬಹಳ ಕಡೆ ಇದೇ ಕವಳಿ, ಬೀಜ ತೆಗೆದು ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ಅದ್ದಿದ್ದು.

ಬೇಯಿಸಿ ಜರಡಿ ಹಿಡಿದ ಬೀಜ ಹುಟ್ಟುವುದಿಲ್ಲ. ಸಸಿ ಬೇಕೆಂದು ಕೇಳಿದವರಿಗಾಗಿ ಒಲೆಗೆ ಇಡುವ ಮುಂಚೆಯೇ ಇಪ್ಪತ್ತು ಕರಿ ಹಣ್ಣು ತೆಗೆದಿಟ್ಟಿದ್ದೆವು. ತಟ್ಟೆ ಈಗ ಸೂರಿನ ಕೆಳಗಿದೆ, ಇವತ್ತಿಗೆ ಹನ್ನೊಂದನೇ ದಿನ, ಇನ್ನೂ ಏನೂ ಕಂಡಿಲ್ಲ.